ತಾಮ್ರಗ್ರಹದ ಐದನೆಯ ಆವೃತ್ತಿ

ಗಂಡಸಿಗೆ ಒಂದಾದರೂ ಚಟ ಇರಬೇಕು, ಇಲ್ಲದಿದ್ದರೆ ಪಾಪ, ಹೆಂಡತಿಗೆ ಬಯ್ಯಲು ವಿಷಯವೇ ಸಿಗುವುದಿಲ್ಲ ಎನ್ನುವುದು ನಮ್ಮ ಕನ್ನಡಕದಂಗಡಿ ಯಜಮಾನರ ಸಿದ್ಧಾಂತ. ಅವರಿಗೆ ಸಿಗರೇಟಿಲ್ಲ, ಇಸ್ಪೀಟಿಲ್ಲ. ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಂಗಡಿ. ಇದ್ದದ್ದು ಒಂದೇ ಚಟ, 'ತಾಮ್ರಗ್ರಹ'.

'ತಾಮ್ರಗ್ರಹ' ಅವರು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಬಂದ ಸಿನಿಮಾ. ಎಲ್ಲೋ ದೂರದ ಗ್ರಹವೊಂದನ್ನು ಸುತ್ತುವ ದೊಡ್ಡ ಹಡಗು, ಅದರೊಳಗೆ ಒಬ್ಬಳೇ ಕಾವಲುಗಾರ್ತಿ, ಜೊತೆಗೆ ಮಂಡಿ ಕಿರುಗುಟ್ಟುವ ಒಂದು ಮುದಿ ರೋಬೋ. ಕೊನೆಗೆ ಆಕೆ ಪುಟ್ಟ ನೌಕೆ ಹತ್ತಿ ಮನೆಯ ಕಡೆ ಹೊರಡುತ್ತಾಳೆ. ರೋಬೋ ಹಿಂದೆ ಉಳಿದು ಬಾಗಿಲು ಮುಚ್ಚುತ್ತದೆ. ಕಥೆ ಇಷ್ಟೇ. ಇಷ್ಟಕ್ಕೇ ಯಜಮಾನರ ಹತ್ತಿರ ಡಿಸ್ಕಿನಲ್ಲಿ ನಾಲ್ಕು ಆವೃತ್ತಿಗಳಿದ್ದವು.

ಮೊದಲನೆಯದು ಥಿಯೇಟರಿಗೆ ಬಂದದ್ದು. ಅದರಲ್ಲಿ ಬಾಗಿಲು ಮುಚ್ಚಿದ ಮೇಲೆ ಒಂದು ಗಂಡು ದನಿ, "ಆಕೆ ಕ್ಷೇಮವಾಗಿ ಮನೆ ಸೇರಿದಳು" ಎನ್ನುತ್ತದೆ. (ಜನ ಅಳುತ್ತಾ ಹೊರಗೆ ಹೋದರೆ ಮತ್ತೆ ಬರುವುದಿಲ್ಲವೆಂದು ನಿರ್ಮಾಪಕರು ಅಂಟಿಸಿದ ದನಿಯಂತೆ ಅದು.) ಎರಡನೆಯದು ನಿರ್ದೇಶಕರು ಆ ದನಿಯನ್ನು ಕಿತ್ತೆಸೆದು ಮತ್ತೆ ಜೋಡಿಸಿದ್ದು. ಬಾಗಿಲು ಮುಚ್ಚುತ್ತದೆ, ಆಮೇಲೆ ಮೌನ, ಅಷ್ಟೇ. ಮೂರನೆಯದು ಹಳೆಯ ರೀಲನ್ನು ತಿಕ್ಕಿ ತೊಳೆದು ಬಣ್ಣ ಸರಿಪಡಿಸಿದ್ದು. ನಾಲ್ಕನೆಯದು ಎಲ್ಲವನ್ನೂ ಮತ್ತೆ ತುಂಬಿ, ಮೇಲೊಂದು ತಗಡಿನ ಪುಟಾಣಿ ಹಡಗನ್ನು ಇಟ್ಟು, ಕಬ್ಬಿಣದ ಪೆಟ್ಟಿಗೆಯಲ್ಲಿ ಬಂದ ಸಂಗ್ರಾಹಕರ ಆವೃತ್ತಿ.

"ಒಂದೇ ಹಾಲನ್ನ ನಾಲ್ಕು ಪಾತ್ರೆಗೆ ಬಗ್ಗಿಸಿ ಇಟ್ಟ ಹಾಗಿದೆ," ಎಂದು ಯಜಮಾನರ ತಾಯಿ ಒಮ್ಮೆ ಹೇಳಿದ್ದರು. ಯಜಮಾನರು ತಾಯಿಯೆಂದು ಕ್ಷಮಿಸಿದರು.

ಈ ಚತುರ್ವಿಧ ಸಂಪತ್ತು ನೆಲೆಸಿದ್ದು ನಡುಮನೆಯ ಗಾಜಿನ ಬೀರುವಿನಲ್ಲಿ. ಮನೆಗೆ ಅದೊಂದೇ ಗಾಜಿನ ಬೀರು. ಪೆಟ್ಟಿಗೆಗಳು ಮುಖ ತೋರಿಸಿ ನಿಲ್ಲಬೇಕು, ಒಂದರ ನೆರಳು ಇನ್ನೊಂದರ ಮೇಲೆ ಬೀಳಬಾರದು ಎಂಬ ನಿಯಮವಿದ್ದುದರಿಂದ ಅಲ್ಲಿ ಬೇರೆ ಒಂದು ಸೂಜಿಗೂ ಜಾಗವಿರಲಿಲ್ಲ. ಹೆಂಡತಿ ಅಂಚೆ ಕಚೇರಿಯಲ್ಲಿ ಕೌಂಟರಿನ ಕೆಲಸ ಮಾಡುತ್ತಾ, ಇಲಾಖೆಯ ಪರವಾಗಿ ಟೇಬಲ್ ಟೆನಿಸ್ ಆಡಿ ಗೆದ್ದು ತಂದ ಕಪ್ಪುಗಳು ಹೆಚ್ಚಿನವು ಮಂಚದಡಿಯಲ್ಲಿದ್ದವು. ಒಂದರಲ್ಲಿ ಅತ್ತೆ ಗುಂಡಿಗಳನ್ನು ಹಾಕಿಟ್ಟಿದ್ದರು. ಇನ್ನೊಂದು ಅಡುಗೆಮನೆಯಲ್ಲಿ ಚಮಚಗಳ ಮನೆಯಾಗಿತ್ತು. ಆಕೆ ಒಂದು ದಿನವೂ ಗೊಣಗಿದವಳಲ್ಲ.

ಆದರೆ ಈ ಸಲ ಗೆದ್ದದ್ದು ದೊಡ್ಡ ಕಪ್ಪು. ಕೊಡದಷ್ಟು ಎತ್ತರ, ಎರಡು ಕಿವಿ ಬೇರೆ.

"ರೀ, ಇದು ಮಂಚದಡಿ ಹೋಗಲ್ಲ."

"ಅಡ್ಡ ಮಲಗಿಸು."

"ನಾನು ಕಷ್ಟಪಟ್ಟು ಗೆದ್ದಿದ್ದು ಮಲಗಿಸೋಕಾ? ನಿಮ್ಮದು ನಾಲ್ಕೂ ಒಂದೇ ಸಿನಿಮಾ. ಒಂದನ್ನ ಹೊರಗಿಟ್ಕೊಳ್ಳಿ, ಮಿಕ್ಕಿದ್ದು ಮಂಚದಡಿ ಇಡಿ. ಬೀರು ನನಗೆ ಬೇಕು."

"ಒಂದೇ ಸಿನಿಮಾನಾ?" ಯಜಮಾನರು ಎದೆ ಹಿಡಿದುಕೊಂಡರು. "ಏನೇ, ಆಕಾಶಕ್ಕೂ ಭೂಮಿಗೂ ಇರೋ ವ್ಯತ್ಯಾಸ ಅದು! ಥಿಯೇಟರಿನದರಲ್ಲಿ ಗ್ರಹ ಟೊಮೇಟೊ ಹಣ್ಣಿನ ಹಾಗೆ ಕೆಂಪಗಿದೆ. ನಿರ್ದೇಶಕರದ್ದರಲ್ಲಿ ತಾಮ್ರ, ಅಪ್ಪಟ ತಾಮ್ರ! ಕಣ್ಣಿದ್ದವರಿಗೆ ಕಾಣುತ್ತೆ."

ಕಣ್ಣಿನ ವಿಷಯ ಬಂದರೆ ಯಜಮಾನರನ್ನು ಹಿಡಿಯುವವರಿಲ್ಲ. ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಒಂದನೆಯದಾ, ಎರಡನೆಯದಾ? ಯಾವುದು ಚೆನ್ನಾಗಿ ಕಾಣುತ್ತೆ?" ಎಂದು ಕೇಳುವ ಬದುಕು ಅವರದು. ಹಿಂದಿನ ವಾರವಷ್ಟೇ ಊಟದ ಹೊತ್ತಿನಲ್ಲಿ, ಯಾವ ಗಾಜು ಹಾಕಿದರೂ ತೃಪ್ತಿಯಾಗದ ನಿವೃತ್ತ ಹೆಡ್ಮಾಸ್ಟರರ ಕಥೆ ಹೇಳಿ ನಗಿಸಿದ್ದರು. ಅಂಥವರಿಗೆಂದೇ ಅಂಗಡಿಯಲ್ಲಿ ಒಂದು ಉಪಾಯವಿದೆ. ಗಾಜು ತೆಗೆದ ಹಾಗೆ ಮಾಡಿ, ಅದೇ ಗಾಜನ್ನು ಮತ್ತೆ ಹಾಕುವುದು. ಹೆಡ್ಮಾಸ್ಟರರು, "ಆಹಾ, ಎರಡನೆಯದು ಎಷ್ಟು ಸ್ಪಷ್ಟ!" ಎಂದಿದ್ದರಂತೆ. "ಅಲ್ಲಿಗೆ ಗೊತ್ತಾಯ್ತು ನೋಡು, ಕಣ್ಣು ಸರಿಯಾಗಿದೆ, ತೊಂದರೆ ಸ್ವಲ್ಪ ಮೇಲಿದೆ," ಎಂದು ಯಜಮಾನರು ತಲೆ ಮುಟ್ಟಿ ತೋರಿಸಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಡತಿ.

"ಹಾಗಾದ್ರೆ ಪರೀಕ್ಷೆ ಆಗಿಹೋಗಲಿ," ಎಂದರು ಯಜಮಾನರು. "ಯಾವುದಾದರೂ ಹಾಕು. ಕೊನೆಯ ದೃಶ್ಯ ಮಾತ್ರ ತೋರಿಸು. ಯಾವುದು ಯಾವುದು ಅಂತ ಹೇಳದೇ ಹೋದ್ರೆ ಬೀರು ನಿಂದು. ಹೇಳಿದ್ರೆ ಕಪ್ಪಿನ ಮಾತು ಎತ್ತಕೂಡದು."

"ಅತ್ತೆ, ನೀವೇ ಸಾಕ್ಷಿ," ಎಂದಳು ಹೆಂಡತಿ.

"ನನಗೆ ಒರಗೋಕೆ ಒಂದು ದಿಂಬು ಕೊಡು," ಎಂದರು ಅತ್ತೆ.

ಭಾನುವಾರ ಮಧ್ಯಾಹ್ನ ಯಜಮಾನರು ಪರದೆ ಎಳೆದು, ಅಂಗಡಿಯಿಂದ ತಂದ ಮೆತ್ತನೆ ಬಟ್ಟೆಯಲ್ಲಿ ಟೀವಿ ಒರೆಸಿ, ಯುದ್ಧಕ್ಕೆ ಹೊರಟ ಮಹಾರಥಿಯಂತೆ ಕುರ್ಚಿಯಲ್ಲಿ ಕೂತರು. ಡಿಸ್ಕು ಹಾಕುವಾಗ ಗೋಡೆಯ ಕಡೆ ತಿರುಗಬೇಕೆಂದು ಕರಾರಾಗಿತ್ತು, ತಿರುಗಿದರು.

ಮೊದಲನೆಯದು ಬಂತು. ನೌಕೆ ಹೊರಟಿತು, ರೋಬೋ ಬಾಗಿಲು ಮುಚ್ಚಿತು. "ಆಕೆ ಕ್ಷೇಮವಾಗಿ ಮನೆ ಸೇರಿದಳು," ಎಂದಿತು ದನಿ.

"ಬಂತಲ್ಲ ದರಿದ್ರ ದನಿ! ಇದು ಥಿಯೇಟರಿನದು. ಗ್ರಹ ನೋಡಿದ್ಯಾ, ಟೊಮೇಟೊ! ಇನ್ನು ನಿನ್ನ ಎರಡನೆಯದನ್ನ ಹಾಕು."

ಯಜಮಾನರು ಗೋಡೆಗೆ ಮುಖ ಮಾಡಿದರು. ಬೆನ್ನ ಹಿಂದೆ ಪೆಟ್ಟಿಗೆ ತೆರೆದ ಸದ್ದು, ಮುಚ್ಚಿದ ಸದ್ದು, ಡಿಸ್ಕು ಹಾಕುವ ಯಂತ್ರ ನಾಲಿಗೆ ಚಾಚಿ ಒಳಗೆಳೆದುಕೊಂಡ ಸದ್ದು ಕೇಳಿಸಿತು.

"ನೋಡಿ ಹೇಳಿ. ಒಂದನೆಯದಾ, ಎರಡನೆಯದಾ?" ಎಂದಳು ಹೆಂಡತಿ ಮೆಲ್ಲಗೆ.

"ಆಹಾ! ಇದಕ್ಕೆ ಪರೀಕ್ಷೆ ಬೇರೆ ಬೇಕಾ? ನೋಡಮ್ಮಾ, ತಾಮ್ರ ಅಂದ್ರೆ ಇದು! ಆ ಆಳ ನೋಡು! ರೋಬೋ ಮುಖದಲ್ಲಿ ದುಃಖ ಎಷ್ಟು ಸ್ಪಷ್ಟವಾಗಿದೆ!"

"ತಗಡಿನ ಮುಖ ಕಣೋ ಅದು," ಎಂದರು ತಾಯಿ.

"ಅದೇ ನಿರ್ದೇಶಕರ ಕೈಚಳಕ! ಈಗ ಬಾಗಿಲು ಮುಚ್ಚುತ್ತೆ. ಮುಚ್ಚಿತಾ? ಈಗ ನೋಡಿ, ಮೌನ! ಒಂದು ಪಿಸುಮಾತು ಇಲ್ಲ! ಇಲ್ಲಿ ಯಾರಾದರೂ ಬಾಯಿ ಬಿಟ್ಟರೆ ಇಡೀ ಸಿನಿಮಾ ಹಾಳು! ಈ ನಿಶ್ಶಬ್ದದ ದೊಡ್ಡತನ ಏನು ಅಂದ್ರೆ..."

"ಏನೋ ಅಂದನಲ್ಲೋ ಅವನು?"

"ಶ್! ಅಮ್ಮಾ, ಮೌನ! ಮೌನ ಕೇಳಿಸ್ಕೋ!"

ಯಜಮಾನರ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. "ನಿರ್ದೇಶಕರ ಆವೃತ್ತಿ," ಎಂದು ತೀರ್ಪು ಕೊಟ್ಟು, ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡರು.

"ಇನ್ನೊಂದು ಸಲ ನೋಡೋಣ," ಎಂದಳು ಹೆಂಡತಿ. "ನಾನು ಡಿಸ್ಕು ಮುಟ್ಟಲ್ಲ. ನೀವು ಗೋಡೆ ಕಡೆ ತಿರುಗೋದೂ ಬೇಡ. ಬಾಯಿ ಮಾತ್ರ ಮುಚ್ಕೊಂಡಿರಿ."

ನೌಕೆ ಹೊರಟಿತು. ರೋಬೋ ಬಾಗಿಲು ಮುಚ್ಚಿತು. ಯಜಮಾನರು ತುಟಿ ಬಿಗಿದು ಮೌನಕ್ಕೆ ಕಾದರು.

"ಆಕೆ ಕ್ಷೇಮವಾಗಿ ಮನೆ ಸೇರಿದಳು," ಎಂದಿತು ದನಿ.

ನಡುಮನೆಯಲ್ಲಿ ಈಗ ನಿಜವಾದ ಮೌನ ಆವರಿಸಿತು. ಯಜಮಾನರು ಟೀವಿ ನೋಡಿದರು, ಹೆಂಡತಿಯನ್ನು ನೋಡಿದರು. ಗ್ರಹ ಪರದೆಯ ಮೇಲೆ ನಿಧಾನವಾಗಿ ತಿರುಗುತ್ತಿತ್ತು, ಪಕ್ಕಾ ಟೊಮೇಟೊ.

"ಮೋಸ! ಅದೇ ಡಿಸ್ಕು ಹಾಕಿದ್ದೀಯ!"

"ಮೋಸ ಹೇಗಾಗುತ್ತೆ? ಹೆಡ್ಮಾಸ್ಟರಿಗೆ ನೀವು ಮಾಡಿದ್ದನ್ನೇ ನಾನು ಮಾಡಿದ್ದು. ನಿಮ್ಮ ಕಣ್ಣು ಸರಿಯಾಗಿದೆ ರೀ," ಎಂದು ಹೆಂಡತಿ ತನ್ನ ತಲೆ ಮುಟ್ಟಿ ತೋರಿಸಿದಳು.

"ನಾನಾಗಲೇ ಹೇಳಿದೆ, ಏನೋ ಅಂದ ಅವನು ಅಂತ," ಎಂದರು ತಾಯಿ. "ನಿನ್ನ ಮೌನದ ಗಲಾಟೆಯಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಬೀರು ಖಾಲಿ ಮಾಡು."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದವನು ಯಾರನ್ನು ದೂರಬೇಕು? ಯಜಮಾನರೇ ಕೈಯಾರೆ ಪೆಟ್ಟಿಗೆಗಳನ್ನು ಇಳಿಸಿದರು. ಮಂಚದಡಿಯಿಂದ ಕಪ್ಪುಗಳನ್ನು ಎಳೆದು, ಗುಂಡಿ ಸುರಿದು, ಚಮಚ ತೆಗೆದು, ಅದೇ ಮೆತ್ತನೆ ಬಟ್ಟೆಯಲ್ಲಿ ಒಂದೊಂದನ್ನೇ ಉಜ್ಜಿದರು. ಉಜ್ಜುವಾಗ ಅವುಗಳ ಮೇಲೆ ಕೊರೆದ ಹೆಂಡತಿಯ ಹೆಸರು ಒಂದೊಂದಾಗಿ ಹೊಳೆಯಿತು. ಇಷ್ಟು ಸಲ ಗೆದ್ದಿದ್ದಾಳೆಂದು ಅವರಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ದೊಡ್ಡ ಕಪ್ಪು ನಿಲ್ಲಲೆಂದು ನಡುವಿನ ಹಲಗೆಯನ್ನೂ ತಾವೇ ಬಿಚ್ಚಿ ಕೆಳಗಿಳಿಸಿದರು. ಹೆಂಡತಿ ಹಿಂದೆ ನಿಂತು ನೋಡಿ, ತಗಡಿನ ಪುಟಾಣಿ ಹಡಗನ್ನು ತಂದು ದೊಡ್ಡ ಕಪ್ಪಿನ ಬಾಯಿಯಲ್ಲಿ ಕೂರಿಸಿದಳು. ಬೇಡವೆನ್ನಲು ಯಜಮಾನರಿಗೆ ಮನಸ್ಸಾಗಲಿಲ್ಲ, ನೋಡಲು ಚೆನ್ನಾಗಿಯೇ ಇತ್ತು.

ಮುಂದಿನ ಭಾನುವಾರ ಹೆಂಡತಿಯೇ ಮಂಚದಡಿಯಿಂದ ನಿರ್ದೇಶಕರ ಆವೃತ್ತಿಯನ್ನು ತೆಗೆದು, "ಪೂರ್ತಿ ನೋಡೋಣ ಬನ್ನಿ," ಎಂದಳು. ಮೂವರೂ ಕೂತರು. ಯಜಮಾನರು ಪೆಟ್ಟು ತಿಂದ ಮನುಷ್ಯ, ತುಟಿಪಿಟಕ್ಕೆನ್ನಲಿಲ್ಲ. ಎರಡು ಸಲ ನಾಲಿಗೆ ತುದಿಗೆ ಬಂದದ್ದನ್ನೂ ನುಂಗಿಕೊಂಡರು. ಕೊನೆಗೆ ಬಾಗಿಲು ಮುಚ್ಚಿತು. ಯಾರೂ ಏನೂ ಹೇಳಲಿಲ್ಲ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತೆ ದಿಂಬು ಸರಿಸಿ ನೆಟ್ಟಗೆ ಕೂತರು.

"ಎಷ್ಟು ಚೆನ್ನಾಗಿದೆಯೇ ಇದು! ಇಷ್ಟು ವರ್ಷ ನನಗೆ ಕಥೆಯೇ ಅರ್ಥವಾಗಿರಲಿಲ್ಲ. ಇದು ಯಾವ ಆವೃತ್ತಿ?"

ಯಜಮಾನರು ಸಂಭ್ರಮದಿಂದ ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಹೇಳಿದಳು.

"ಇದು ಐದನೆಯದು ಅತ್ತೆ. ನಿಮ್ಮ ಮಗ ಮಾತಾಡದೇ ಇರೋ ಆವೃತ್ತಿ."

"ಅಯ್ಯೋ, ಅಪರೂಪದ್ದು ಕಣಮ್ಮ!" ಎಂದರು ಅತ್ತೆ. "ಅದನ್ನ ಮಾತ್ರ ಬೀರುವಿನಲ್ಲಿಡು."