ಹಸಿರು ಮಿನುಗಿನ ದೋಣಿ

ಅಮೆರಿಕದ ನಮ್ಮ ಅರ್ಕಾನ್ಸಾ ರಾಜ್ಯದಲ್ಲಿ ಗಂಡಸಿನ ಯೋಗ್ಯತೆ ಅಳೆಯುವುದು ಅವನ ದೋಣಿಯ ಹೊಳಪಿನಿಂದ. ಬಾಸ್ ಮೀನು ಹಿಡಿಯುವ ಸ್ಪರ್ಧೆಯ ದಿನ ಕೆರೆಯ ದಡಕ್ಕೆ ಬಂದು ನೋಡಿ: ಮೈತುಂಬ ಲೋಹದ ಮಿನುಗುಪುಡಿ ಮೆತ್ತಿಕೊಂಡ ದೋಣಿಗಳು ಮದುವೆ ಹೆಣ್ಣುಗಳ ಹಾಗೆ ಸಾಲಾಗಿ ಝಗಝಗಿಸುತ್ತಿರುತ್ತವೆ. ನನ್ನದೊಂದು ಮಾತ್ರ ಕೆಸರಿನ ಬಣ್ಣದ್ದು.

ಆದರೆ ನನ್ನ ಬಳಿ ಒಂದು ಗುಟ್ಟಿತ್ತು. ಕೆರೆಯ ಆಚೆ ಮೂಲೆಯಲ್ಲಿ, ಮುಳುಗಿದ ಮರಗಳ ಸಂದಿಯಲ್ಲಿ, ಹಂದಿಮರಿ ಗಾತ್ರದ ಮೀನುಗಳಿರುವ ಜಾಗ ನನಗೊಬ್ಬನಿಗೇ ಗೊತ್ತು. (ಹಂದಿಮರಿ ಎಂದದ್ದು ತುಸು ಹೆಚ್ಚಾಯಿತು, ಹೊಂದಿಸಿಕೊಳ್ಳಿ.) ಭಾವಮೈದುನ ಡೆಲ್ಬರ್ಟ್ ಎಷ್ಟು ಸಲ ಬೆನ್ನು ಹತ್ತಿದರೂ, ಅವನ ಕೆಂಪು ದೋಣಿ ದೂರದಿಂದಲೇ ಮಿಂಚುತ್ತಿದ್ದರಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತಿದ್ದೆ. "ನನ್ನನ್ನಾದ್ರೂ ಕರ್ಕೊಂಡು ಹೋಗು" ಎಂದು ಹೆಂಡತಿ ವರ್ಲೀನ್ ಗೋಗರೆದರೂ ಒಪ್ಪಿರಲಿಲ್ಲ. ಎಷ್ಟಾದರೂ ಅವನ ಅಕ್ಕ ತಾನೆ!

ಈ ವರ್ಷದ ಕಪ್ ನನ್ನದೇ ಎಂದು ಖಾತ್ರಿಯಿತ್ತು. ಗೆದ್ದವರ ಫೋಟೋ, ದೋಣಿಯ ಸಮೇತ, ಪತ್ರಿಕೆಯಲ್ಲಿ ಬರುತ್ತದೆ. ನನ್ನ ದಿವ್ಯ ವದನದ ಪಕ್ಕದಲ್ಲಿ ಕೆಸರು ದೋಣಿಯೇ? ಗರಾಜಿನಲ್ಲಿ ಸ್ಪ್ರೇ ಗನ್ ಹಿಡಿದು ನಿಂತೇಬಿಟ್ಟೆ. ಹಸಿರು ಮಿನುಗಿನಲ್ಲಿ ಅರ್ಧ ದೋಣಿಗೆ ಬಿತ್ತು. ಉಳಿದರ್ಧ ನಾಯಿಗೆ, ಮೆಕ್ಕೆಜೋಳದ ಬ್ರೆಡ್ಡಿಗೆ ಮತ್ತು ವರ್ಲೀನಳ ತಲೆಗೆ.

"ಚರ್ಚಲ್ಲಿ ಪಾಸ್ಟರ್ ಉಪದೇಶ ನಿಲ್ಲಿಸಿ ನನ್ನನ್ನೇ ನೋಡ್ತಿದ್ರು, ಹಾರ್ಲನ್. ದೇವದೂತೆ ಇಳಿದು ಬಂದ್ಳು ಅಂದ್ಕೊಂಡ್ರೋ ಏನೋ" ಎಂದು ಭಾನುವಾರ ವರ್ಲೀನ್ ಸಿಡುಕಿದಳು.

"ಹಾಗಂದ್ಕೊಳ್ಳೋಕೆ ಅವ್ರೊಬ್ರಾದ್ರೂ ಇದಾರಲ್ಲ!"

"ಇಷ್ಟು ಹೊಳಪು ಮೀನಿಗೆ ತೋರ್ಸೋಕಾ, ಊರಿಗೆ ತೋರ್ಸೋಕಾ?"

"ಕಲೆ ಅಂದ್ರೆ ನಿಂಗೇನು ಗೊತ್ತು? ಮೇಲೆ ವಾರ್ನಿಷ್ ಬೀಳ್ಲಿ, ಆಚೆ ದಡದಿಂದ್ಲೂ ಕಾಣುತ್ತೆ ನೋಡು!"

"ಹೌದಾ?" ಎಂದಳು. ಯಾಕೋ ಅವಳ ಮುಖ ಒಮ್ಮೆಗೇ ಅರಳಿತು. ಕೊನೆಗೂ ನನ್ನ ಕಲೆಯನ್ನು ಮೆಚ್ಚಿದಳೆಂದು ನನಗೂ ಖುಷಿಯಾಯಿತು.

ಸ್ಪರ್ಧೆಯ ಬೆಳಿಗ್ಗೆ ಎಲ್ಲರ ಕಣ್ಣೂ ನನ್ನ ದೋಣಿಯ ಮೇಲೆಯೇ. ನಾನು ಬೀಗುತ್ತಾ ನನ್ನ ಗುಟ್ಟಿನ ಜಾಗಕ್ಕೆ ಹೋಗಿ ಗಾಳ ಹಾಕಿದೆ. ಬಿಸಿಲೇರಿತು. ದೋಣಿಯ ಹೊಳಪು ನನ್ನ ಕಣ್ಣನ್ನೇ ಕುಕ್ಕತೊಡಗಿತು. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಸುತ್ತಲೂ ಮೋಟಾರುಗಳ ಸದ್ದು. ಟೋಪಿ ಎತ್ತಿದರೆ ಊರಿನ ದೋಣಿಗಳೆಲ್ಲ ಅಲ್ಲೇ! ಎಲ್ಲಕ್ಕಿಂತ ಮುಂದೆ ಡೆಲ್ಬರ್ಟನ ಕೆಂಪು ದೋಣಿ. ಅದರಲ್ಲಿ, ಅವನ ಜೋಡಿಯಾಗಿ ಸ್ಪರ್ಧೆಗೆ ಹೆಸರು ಕೊಟ್ಟಿದ್ದ ನನ್ನ ಧರ್ಮಪತ್ನಿ.

"ಇಷ್ಟು ವರ್ಷ ಹುಡುಕಿ ಸಾಕಾಗಿತ್ತು, ಭಾವ. ನೀನೇ ದೀಪ ಹಚ್ಚಿ ಕರೆದ್ಯಲ್ಲ!" ಎಂದ ಡೆಲ್ಬರ್ಟ್.

"ವರ್ಲೀನ್, ನೀನೂನಾ?"

"ಆಚೆ ದಡದಿಂದ್ಲೂ ಕಾಣ್ತಿತ್ತು ಕಣೋ ನಿನ್ನ ಕಲೆ. ದಾರಿ ಕೇಳೋ ಕೆಲ್ಸಾನೇ ಬೀಳ್ಲಿಲ್ಲ" ಎಂದು ಗಾಳ ಬೀಸಿದಳು. ಬೀಸಿದ್ದೇ ತಡ, ಕೋಲು ಬಿಲ್ಲಿನಂತೆ ಬಾಗಿತು. ನಾನು ಇಷ್ಟು ವರ್ಷ ಜೋಪಾನ ಮಾಡಿದ್ದ ಮೀನು ಮೇಲೆ ಬಂತು. (ಈ ಸಲ ನಿಜವಾಗಿಯೂ ಹಂದಿಮರಿ.)

ಸಂಜೆ ಪತ್ರಿಕೆಯವನು ಬಂದ. ಕೆಂಪು ದೋಣಿಯನ್ನು ನೋಡಿ ಮೂಗು ಮುರಿದ. "ಹಿಂದುಗಡೆ ಆ ಹಸಿರು ದೋಣಿ ಇರ್ಲಿ, ಎಷ್ಟು ಚೆನ್ನಾಗಿ ಹೊಳೀತಿದೆ!" ಎಂದ. ಕಪ್ಪನ್ನೂ ಮೀನನ್ನೂ ಹಿಡಿದು ವರ್ಲೀನ್ ನನ್ನ ದೋಣಿಯ ಮುಂದೆ ನಿಂತಳು. ನಾನೂ ಟೋಪಿ ಸರಿಮಾಡಿಕೊಂಡು ಪಕ್ಕಕ್ಕೆ ಹೋಗಿ ನಿಂತೆ.

"ನೀವು ಸ್ವಲ್ಪ ಆಚೆ ಹೋಗಿ ಸಾರ್," ಎಂದ ಅವನು. "ದೋಣಿ ಮೇಲೆ ನಿಮ್ಮ ನೆರಳು ಬೀಳ್ತಿದೆ."