ಬೆಳ್ಳಿ ನೀರಿಗೆ ಇಳಿದಳು

ನಮ್ಮ ಬೆಳ್ಳಿ ಇವತ್ತು ನೀರಲ್ಲಿ ಕೂತಳು! ಅಳಲಿಲ್ಲ, ಕಿರುಚಲಿಲ್ಲ. ಎರಡೂ ಕೈಯಲ್ಲಿ ಪಟಪಟ ನೀರು ಬಡಿದು ಕೇಕೆ ಹಾಕಿ ನಕ್ಕಳು. ಈ ಸಮಾಚಾರವನ್ನು ಮಧುವನಹಳ್ಳಿಯ ನಮ್ಮ ಬೀದಿಗೆಲ್ಲ ಆಗಲೇ ಹೇಳಿ ಬಂದಿದ್ದೇನೆ. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದವರನ್ನೂ ಬಿಡಲಿಲ್ಲ. ಅವರಲ್ಲೊಬ್ಬಳು, "ಕೂಸು ನೀರಲ್ಲಿ ಕೂರ್ದೆ ಇನ್ನೇನು ಬೆಂಕೀಲಿ ಕೂತ್ಕಂಡದಾ, ಓಗಕ್ಕೋ" ಅಂದಳು. ಅವಳಿಗೇನು ಗೊತ್ತು! ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಬರೆಯಲು ಕೂತರೆ ಬೆರಳು ನೋಯುತ್ತದೆ, ಒತ್ತಕ್ಷರ ಕೈಕೊಡುತ್ತದೆ. ಆದರೂ ಇವತ್ತಿನದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಬೆಳ್ಳಿ ನನ್ನ ಮಗಳು ಸವಿತಳ ಮಗಳು. ಒಂದೂವರೆ ವರ್ಷ. ಅವಳ ವಿಷಯ ಹೇಳುವ ಮುಂಚೆ ನನ್ನ ಜಂಬದ ವಿಷಯ ಹೇಳಿಬಿಡುತ್ತೇನೆ. ಹಸುಗೂಸಿಗೆ ನೀರು ಹಾಕುವುದರಲ್ಲಿ ನನ್ನ ಕೈ ಎತ್ತಿದ ಕೈ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಸೀರೆಯನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿ, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಹರಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಹುಯ್ಯಬೇಕು. ನಮ್ಮ ಬೀದಿಯ ಅರ್ಧ ಮಕ್ಕಳು ನನ್ನ ಮೊಣಕಾಲ ಮೇಲೆಯೇ ಬೆಳೆದವರು. ಒಂದು ಸಲ ಕೌದಳ್ಳಿಯಿಂದ ಬಾಣಂತಿಯ ಮನೆಯವರು ಆಟೋ ಕಳಿಸಿ ನನ್ನನ್ನು ಕರೆಸಿಕೊಂಡಿದ್ದರು. ನೀರು ಹಾಕುವಾಗ ಕೂಸು ಜೋರಾಗಿ ಅಳಬೇಕು. ಅತ್ತರೆ ಎದೆ ಗಟ್ಟಿಯಾಗುತ್ತದೆ ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಬೆಳ್ಳಿ ಅಳುವ ಸದ್ದು ಬಸ್‌ಸ್ಟಾಪಿಗೆ ಕೇಳಿಸುತ್ತಿತ್ತು. ನನಗೆ ಅದು ಕೇಳಲು ಹಿತವಾಗಿಯೇ ಇತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬಾಣಂತನ ಮುಗಿಸಿ ಮಗಳು ಯಳಂದೂರಿನ ತನ್ನ ಮನೆಗೆ ಹೋದಳು. ಹೋದ ಮೇಲೆ ಶುರುವಾಯಿತು. ಬಕೆಟ್ಟಿನ ಸದ್ದು ಕೇಳಿದರೆ ಕೂಸು ಮಂಚದ ಕೆಳಗೆ. ಸವಿತ ಸೀರೆ ಎತ್ತಿ ಸಿಕ್ಕಿಸಿ ನಲ್ಲಿ ತಿರುಗಿಸಿದರೆ ಕಿರುಚಾಟ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ದಿನ ದೂಡುವ ಹಾಗಾಯಿತು. "ಇದೆಲ್ಲ ನಿನ್ನ ಕೆಲ್ಸವೇ ಅವ್ವ. ಕುದಿಯೋ ನೀರ ತಲೆ ಮ್ಯಾಲೆ ಸುರ್ದು ಸುರ್ದು ಕೂಸ ಎದ್ರುಸ್ಬುಟ್ಟೆ. ಇನ್ಮೇಲೆ ನನ್ ಮಗೀಗೆ ನೀನು ನೀರಾಕದು ಬ್ಯಾಡ" ಎಂದು ಫೋನಿನಲ್ಲೇ ತೀರ್ಪು ಕೊಟ್ಟಳು. ಕುದಿಯುವ ನೀರಂತೆ! ಮೊಣಕೈ ಅದ್ದಿ ನೋಡದೆ ಒಂದು ಚೊಂಬೂ ಹುಯ್ದವಳಲ್ಲ ನಾನು. ಅಷ್ಟು ಹೇಳಿ ಫೋನಿಟ್ಟೆ. ಆಮೇಲೆ ಹಂಡೆಯ ಮುಂದೆ ಕೂತು ಒಬ್ಬಳೇ ಅತ್ತೆ.

ಹೀಗಿರುವಾಗ ನಮ್ಮ ಅಳಿಯಂದಿರಿಗೆ ಹಡಗು ಬಂತು. ಯಳಂದೂರಿನಲ್ಲಿ ಅವರದು ಸಿಮೆಂಟಿನ ಅಂಗಡಿ. ಚೆನ್ನಾಗಿ ಮಾರಿದವರನ್ನು ಸಂಸಾರ ಸಮೇತ ಮೂರು ದಿನ ಸಮುದ್ರದ ಮೇಲೆ ಸುತ್ತಾಡಿಸುತ್ತೇವೆ ಎಂದು ಕಂಪನಿಯವರು ಹೇಳಿದ್ದಾರಂತೆ. ಕೂಸನ್ನು ನೋಡಿಕೊಳ್ಳಲು ಇನ್ನೊಬ್ಬರು ಬರಬಹುದಂತೆ. ನಮ್ಮ ಬೀಗಿತ್ತಿಗೆ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬರುವಷ್ಟರಲ್ಲಿ ಬಸ್ಸಿನಲ್ಲೇ ಎರಡು ಸಲ ವಾಂತಿಯಾಗುತ್ತದೆ. ಹಾಗಾಗಿ ಆ ಜಾಗ ನನ್ನ ಪಾಲಿಗೆ ಬಂತು. ನಾನು ಯಳಂದೂರಿಗೆ ಹೋಗಿದ್ದಾಗ ಅಳಿಯಂದಿರು ಮೊಬೈಲಿನಲ್ಲಿ ಹಡಗು ತೋರಿಸಿದರು. ಅದರೊಳಗೆ ಎಳೆಯ ಮಕ್ಕಳಿಗೆಂದೇ ಒಂದು ನೀರಾಟದ ಜಾಗ. ಪಾದ ಮುಳುಗುವಷ್ಟು ನೀರು, ನೆಲದಿಂದ ಪುಳಕ್ಕನೆ ಚಿಮ್ಮುವ ಬುಗ್ಗೆ, ಬಣ್ಣದ ಅಣಬೆಯ ಸುತ್ತ ಸೋನೆ ಮಳೆ. ನಡೆಯಲು ಬಾರದ ಕೂಸುಗಳೂ ಅಲ್ಲಿ ಕೂತು ನಗುತ್ತಿದ್ದವು. ನೆನೆದರೂ ಊದಿಕೊಳ್ಳದ ಬೇರೆ ಡಯಾಪರ್ ಹಾಕದಿದ್ದರೆ ಒಳಗೆ ಬಿಡುವುದಿಲ್ಲವಂತೆ. ಅದನ್ನೂ ತರಿಸಿದ್ದರು, ಮೇಲೆ ಮೀನಿನ ಚಿತ್ರ. ಆದರೆ ಸವಿತ ಮುಖ ಗಂಟು ಹಾಕಿಕೊಂಡಳು. "ಸುತ್ತ ಸಮುದ್ರ ಇಟ್ಕಂಡು ಇದು ಮೂರು ದಿನವೂ ಕಿರುಚ್ಕಂಡು ಕೂತದೆ. ಭಾನ್ವಾರ ಅವ್ವನ ಮನೇಲಿ ನೋಡ್ತೀನಿ. ನೀರಿಗಿಳುದ್ರೆ ಸರಿ, ಇಲ್ದಿದ್ರೆ ಓಗದೇ ಬ್ಯಾಡ" ಅಂದಳು. ಹಡಗು ಹಾಳಾಗಿ ಹೋಗಲಿ. ಆ ಕೂಸಿನ ಮನಸ್ಸಿನಲ್ಲಿ ಭಯ ಇಟ್ಟವಳು ನಾನೇ ಎಂದು ಎಲ್ಲರೆದುರು ಗಟ್ಟಿಯಾಗಿಬಿಡುತ್ತದಲ್ಲ, ಅದೇ ನನ್ನ ಎದೆಬಡಿತ.

ಇವತ್ತು ಭಾನುವಾರ, ಬೆಳಿಗ್ಗೆಯೇ ಬಂದರು. ಅಳಿಯಂದಿರು ಕೊಳ್ಳೇಗಾಲದಲ್ಲಿ ಗಾಳಿ ತುಂಬುವ ತೊಟ್ಟಿಯೊಂದನ್ನು ಕೊಂಡು ತಂದಿದ್ದರು. ಅದನ್ನು ಬಾಯಲ್ಲೇ ಊದಿ ಊದಿ ಅವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹಿತ್ತಿಲಿನಲ್ಲಿಟ್ಟು ಮೂರು ಬೆರಳು ನೀರು ಬಿಟ್ಟೆವು. ಮೀನಿನ ಡಯಾಪರ್ ಹಾಕಿಸಿಕೊಂಡು ಬೆಳ್ಳಿ ನನ್ನ ಕಂಕುಳಲ್ಲಿ ನಗುತ್ತಲೇ ಇದ್ದಳು. ನಾನು ಸೀರೆ ಎತ್ತಿ ಸಿಕ್ಕಿಸಿ ಅವಳನ್ನು ಕೆಳಗಿಳಿಸಲು ಬಗ್ಗಿದ್ದೇ ತಡ, ಬಿಲ್ಲಿನಂತೆ ಬಾಗಿ ಚೀರಿದಳು ನೋಡಿ, ಕಟ್ಟಿದ್ದ ಎಮ್ಮೆ ಎದ್ದು ನಿಂತಿತು. "ನೋಡ್ದಾ?" ಅಂದಳು ಸವಿತ. "ಕೂಸು ಅಂದ್ಮೇಲೆ ಅತ್ತದೆ, ನೀನು ಅತ್ತಿರ್ನಿಲ್ವಾ?" ಅಂದರು ನಮ್ಮ ಯಜಮಾನರು. ಮಾತಿಗೆ ಮಾತು ಬೆಳೆಯಿತು. ಬೆಳ್ಳಿಯನ್ನು ಕೆಳಗೆ ಬಿಟ್ಟು ನಾನೂ ಸವಿತಳೂ ವಾದಿಸುತ್ತ ಅಡುಗೆಮನೆಗೆ ಹೋದೆವು. ಅಪ್ಪ ನೋಡುತ್ತಾರೆ ಎಂದು ಸವಿತ, ಅಳಿಯ ನೋಡುತ್ತಾರೆ ಎಂದು ನಮ್ಮ ಯಜಮಾನರು, ಹೆಂಗಸರು ನೋಡುತ್ತಾರೆ ಎಂದು ಅಳಿಯಂದಿರು.

"ಕೂಸೆಲ್ಲವ್ವ?" ಅಂತ ಸವಿತ ಕೇಳಿದಾಗ ನಾನು ಸೌಟು ಹಿಡಿದೇ ಹುಡುಕಲು ಹೊರಟೆ. ನಡುಮನೆಯಲ್ಲಿಲ್ಲ. ಮಂಚದ ಕೆಳಗಿಲ್ಲ. ಗಾಳಿ ತೊಟ್ಟಿಯಲ್ಲಿಲ್ಲ. ಬೀದಿ ಬಾಗಿಲಿಗೆ ಅಗುಳಿ ಹಾಕಿತ್ತು. ಆಗ ನೆನಪಾಯಿತು: ಹಿತ್ತಿಲ ಮೂಲೆಯಲ್ಲಿ ಎಮ್ಮೆ ನೀರು ಕುಡಿಯುವ ಕಲ್ಲುತೊಟ್ಟಿ, ನನ್ನ ಸೊಂಟದಷ್ಟು ಆಳ, ಪಕ್ಕದಲ್ಲೇ ಹತ್ತಲು ಅನುಕೂಲವಾಗಿ ಹಿಂಡಿಯ ಮೂಟೆ. ಮಂಡಿನೋವಿನವಳು ಹೇಗೆ ಓಡಿದೆನೋ ಕಾಣೆ. ನೀರಿನೊಳಗೆ ಏನೋ ಬೆಳ್ಳಗೆ ಕಂಡಿತು. ಭುಜದವರೆಗೆ ಕೈ ಹಾಕಿ ಎಳೆದೆ. ನಮ್ಮ ಯಜಮಾನರ ಟವಲು. ಅದನ್ನು ಅತ್ತ ಎಸೆದು "ಬೆಳ್ಳೀ" ಎಂದು ಕೂಗಿದೆ.

ಆಗ ಪಾತ್ರೆ ತೊಳೆಯುವ ಕಲ್ಲಿನ ಹಿಂದಿನಿಂದ ಪಟ್, ಪಟ್ ಎಂದು ಸದ್ದು ಕೇಳಿಸಿತು. ನಲ್ಲಿ ಸೋರಿ ಅಲ್ಲಿ ಮೊರದಗಲ ಗುಂಡಿ. ಅದರೊಳಗೆ ಬೆಳ್ಳಿ ಕೂತಿದ್ದಾಳೆ! ಮೂಗಿನ ಮೇಲೆ ಅನ್ನದ ಅಗುಳು, ಕೈಯಲ್ಲಿ ಬೆಳಗದ ಲೋಟ. ನೀರು ಬಡಿಯುತ್ತಾಳೆ, ಮುಖಕ್ಕೆ ಸಿಡಿದರೆ ನಗುತ್ತಾಳೆ. ಎತ್ತಿಕೊಳ್ಳೋಣವೆಂದು ಸೀರೆ ಎತ್ತಿ ಸಿಕ್ಕಿಸಿದೆ. ಕಿರುಚಿದಳು. ಗಾಬರಿಯಿಂದ ಸೀರೆ ಇಳಿಬಿಟ್ಟೆ. ಸುಮ್ಮನಾದಳು. ಮತ್ತೆ ಎತ್ತಿದೆ, ಕಿರುಚಾಟ. ಇಳಿಸಿದೆ, ನಗು. ಹಿಂದೆ ಓಡಿಬಂದ ಸವಿತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಮ್ಮ ಯಜಮಾನರು ನನ್ನತ್ತ ತಿರುಗಿ ಸಮಾಧಾನವಾಗಿ, "ಕೂಸಿಗೆ ನೀರಿನ ಭಯ ಇಲ್ಲ ಕಣಮ್ಮಿ. ನಿನ್ನ ಮಂಡಿ ಕಂಡ್ರೆ ಭಯ" ಅಂದರು.

ಎಲ್ಲರೂ ನಕ್ಕರು. ನನಗೆ ಎದೆಯೊಳಗೆ ಮುಳ್ಳು ಮುರಿದಂತಾಯಿತು. ಇಷ್ಟು ವರ್ಷ ನನ್ನ ಕಾಲ ಮೇಲೆ ಅತ್ತ ಕೂಸುಗಳೆಲ್ಲ ಒಟ್ಟಿಗೆ ನನ್ನನ್ನು ನೋಡಿದ ಹಾಗಾಯಿತು. ಏನು ಮಾಡಲಿ? ಸೀರೆ ಇಳಿಬಿಟ್ಟುಕೊಂಡೇ, ಅನ್ನ ಸಾರು ತೇಲುವ ಆ ಕೊಚ್ಚೆಯಲ್ಲಿ ಬೆಳ್ಳಿಯ ಪಕ್ಕ ಕುಕ್ಕರಿಸಿಬಿಟ್ಟೆ. "ಅವ್ವಾ, ಒಸ ಸೀರೆ!" ಅಂದಳು ಸವಿತ. ಬೆಳ್ಳಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನಾನು ಮಿಸುಕಲಿಲ್ಲ. ಆಮೇಲೆ ಎದ್ದು ನಿಂತು, ಒಂದು ಕೈಯಲ್ಲಿ ನನ್ನ ಕತ್ತು ಬಗ್ಗಿಸಿ ಹಿಡಿದು, ಲೋಟದ ನೀರನ್ನು ನನ್ನ ತಲೆಯ ಮೇಲೆ ಸುರಿದಳು. ಇನ್ನೊಂದು. ಮತ್ತೊಂದು. ಕಣ್ಣಿಗೆ ಖಾರದ ನೀರು ಹೋಗಿ ನಿಜವಾಗಿಯೂ ಅತ್ತೆ. ಅತ್ತಷ್ಟೂ ಅವಳು ಹುಯ್ದಳು. ಗುರುವಿಗೆ ತಕ್ಕ ಶಿಷ್ಯೆ. ಕೊನೆಗೆ ಸುಸ್ತಾಗಿ ನನ್ನ ಒದ್ದೆ ಮಡಿಲಲ್ಲೇ ಕೂತು ಕತ್ತಿಗೆ ಜೋತುಬಿದ್ದಳು. ಸವಿತ ಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಅಷ್ಟು ಸಾಕಾಯಿತು ನನಗೆ.

ಸಂಜೆ ಬೇಗನೆ ಒಲೆ ಹಚ್ಚಿದೆ. ಅಳಿಯಂದಿರಿಗೆಂದು ನಾಟಿ ಕೋಳಿ ಸಾರು, ಮುದ್ದೆ. ನಾಲ್ಕೂ ಜನ ನಡುಮನೆಯಲ್ಲಿ ಸಾಲಾಗಿ ಕೂತೆವು. ಬೆಳ್ಳಿ ಎಲ್ಲರ ತಟ್ಟೆಗೂ ಹೋಗಿ ಸುಂಕ ವಸೂಲಿ ಮಾಡುತ್ತಿದ್ದಳು. ಅಳಿಯಂದಿರು ಎರಡನೇ ಮುದ್ದೆಗೆ ಕೈ ಹಾಕುವ ಮುಂಚೆ ಮೊಬೈಲು ನೋಡಿದರು, ಸವಿತಳ ಮುಖ ನೋಡಿದರು, ಕೆಮ್ಮಿದರು.

"ಅತ್ತೆ, ಇನ್ನೊಂದು ವಿಚಾರ. ಹಡಗಲ್ಲಿ ಕೂಸಿನ ಜೊತೇಲಿ ದೊಡ್ಡೋರು ಒಬ್ರು ನೀರಿಗಿಳೀಲೇಬೇಕಂತೆ. ಸೀರೆ ಉಟ್ಕಂಡು ಇಳಿಯಂಗಿಲ್ವಂತೆ. ಮೈಗಂಟ್ಕಳ ಟೀ ಶರ್ಟು, ಪ್ಯಾಂಟು..."

ನಮ್ಮ ಯಜಮಾನರಿಗೆ ಸಾರು ನೆತ್ತಿಗೇರಿತು. ಸವಿತ ನೆಲ ನೋಡಿದಳು. ಬೆಳ್ಳಿ ನನ್ನ ತಟ್ಟೆಯಿಂದ ಕೋಳಿಯ ತುಂಡೊಂದನ್ನು ಎತ್ತಿ ನನ್ನ ಬಾಯಿಗೇ ತುರುಕಿದಳು. ಅದನ್ನು ಅಗಿದು ನುಂಗಿ ನಾನು ಕೇಳಿದೆ:

"ಆ ಪ್ಯಾಂಟು ಎಲ್ಲಿಗಂಟ ಬತ್ತದೆ ಅಂತ ಒಸಿ ಕೇಳಿ ಅಳಿಯಂದ್ರೇ."