ಪಾದ್ರಿ ಭಿಕ್ಷುವಾದ ಪ್ರಸಂಗ

ಒಂದೇ ವರ್ಷ! ಒಂದೇ ವರ್ಷದೊಳಗೆ ಆ ಊರಿನ ಗದ್ದೆಬಯಲಿನಲ್ಲಿ ಎಲ್ಲಿ ನಿಂತು ನೋಡಿದರೂ ನಮ್ಮ ಚರ್ಚಿನ ಗೋಪುರ ಕಾಣಬೇಕು, ಹಾಗೆ ಮಾಡದಿದ್ದರೆ ನನ್ನ ಹೆಸರು ಎಲಿಸಿಯೊ ಮಗ್ಬನ್ವಾ ಅಲ್ಲ ಎಂದು ನಮ್ಮೂರು ಇಲೋಯಿಲೋದ ಬೀಳ್ಕೊಡುಗೆ ಸಭೆಯಲ್ಲಿ ನಾನು ಮೇಜು ಗುದ್ದಿ ಹೇಳಿದ್ದೆ. ಗುದ್ದಿದ ರಭಸಕ್ಕೆ ಪಾನಕದ ಜಗ್ಗು ಉರುಳಿ ನಮ್ಮ ಹಿರಿಯ ಪಾದ್ರಿ ಅಬುಂದಿಯೊ ತುಪಾಸರ ಬಿಳಿ ಅಂಗಿ ತೊಯ್ದು ತೊಪ್ಪೆಯಾಯಿತು. ಅವರು ಕರವಸ್ತ್ರದಿಂದ ಒರೆಸಿಕೊಳ್ಳುತ್ತಾ, ಗೋಪುರದ ಮಾತು ಆಮೇಲೆ, ಸುಗ್ಗಿ ಮುಗಿದ ಮೇಲೆ ನಾನೇ ಬಂದು ನೋಡುತ್ತೇನೆ, ನಿನ್ನ ಬೋಧನೆ ಕೇಳಲು ಹತ್ತು ಜನವಾದರೂ ಕೂತಿರದಿದ್ದರೆ ಗಂಟುಮೂಟೆ ಕಟ್ಟಿಕೊಂಡು ನನ್ನ ಜೊತೆಗೇ ವಾಪಸು ಎಂದರು. ನನಗಾಗ ಇಪ್ಪತ್ತಾರು ವರ್ಷ. ಹತ್ತೇನು, ನೂರು ಜನರನ್ನು ಕೂರಿಸುತ್ತೇನೆ ಎಂದು ನಕ್ಕೆ.

ಹೊಸದಾಗಿ ಮದುವೆಯಾಗಿದ್ದ ನನ್ನ ಹೆಂಡತಿ ಪೆರ್ಲಿತಾ ಮಾತ್ರ ನಗಲಿಲ್ಲ. ಹಡಗಿನಲ್ಲಿ ಸಮುದ್ರ ನೋಡುತ್ತಾ ನಿಂತಿದ್ದವಳು ತಿರುಗಿ ಕೇಳಿದಳು:

"ಅಲ್ಲಾ ರೀ, ಗೋಡೆಗೆ ಒಂದು ಮೊಳೆ ಹೊಡೆಯೋಕೆ ನಮ್ಮಪ್ಪನ್ನ ಕರೆಸ್ತಿದ್ರಿ. ಗೋಪುರಕ್ಕೆ ಯಾರನ್ನ ಕರೆಸ್ತೀರಿ?"

ಥಾಯ್ಲೆಂಡಿನ ಈಶಾನ್ಯ ಮೂಲೆಯಲ್ಲಿ ನೋಂಗ್ ಸಿಮ್ ಎಂಬ ಹಳ್ಳಿ. ಬ್ಯಾಂಕಾಕಿನಲ್ಲಿ ಅಷ್ಟಿಷ್ಟು ಭಾಷೆ ಕಲಿತು ನಾವು ಅಲ್ಲಿ ಹೋಗಿ ಇಳಿದೆವು. ಕಂಬಗಳ ಮೇಲೆ ನಿಂತ ಮರದ ಬಾಡಿಗೆ ಮನೆ. ಮೇಲೆ ನಾವು, ಕೆಳಗೆ ಮನೆಯೊಡೆಯನ ಎಮ್ಮೆ. ಎಮ್ಮೆಯ ಪಕ್ಕದಲ್ಲೇ ಬೆಂಚುಗಳನ್ನು ಹಾಕಿ ಪ್ರತಿ ಭಾನುವಾರ ನಾನು ಗಂಟಲು ಹರಿಯುವಂತೆ ಬೋಧಿಸುತ್ತಿದ್ದೆ. ಊರವರು ಬಲು ಒಳ್ಳೆಯವರು. ದಾರಿಯಲ್ಲಿ ಹೋಗುವಾಗ ನಿಂತು, ಕೈಮುಗಿದು, ಬಾಯ್ತುಂಬ ನಕ್ಕು, ತಮ್ಮ ಪಾಡಿಗೆ ತಾವು ಗದ್ದೆಗೆ ಹೋಗುತ್ತಿದ್ದರು. ಕೊನೆಯವರೆಗೂ ಕೂತು ಕೇಳುತ್ತಿದ್ದವರು ಇಬ್ಬರೇ, ಪೆರ್ಲಿತಾ ಮತ್ತು ಎಮ್ಮೆ. ಪೆರ್ಲಿತಾ ಆಗಾಗ ತೂಕಡಿಸುತ್ತಿದ್ದಳು. ಎಮ್ಮೆಯ ಬಗ್ಗೆ ನಾನು ಒಂದು ಮಾತೂ ಕೆಟ್ಟದಾಗಿ ಹೇಳಲಾರೆ.

ಹೀಗೇ ಮಳೆಗಾಲ ಕಳೆದು ಚಳಿಗಾಲ ಬಂತು. ಸುಗ್ಗಿ ಹತ್ತಿರವಾಯಿತು. ತುಪಾಸರು ಬರುವ ದಿನವನ್ನು ನಾನು ಬೆರಳಲ್ಲಿ ಎಣಿಸತೊಡಗಿದೆ. ಅದೇ ಸಮಯಕ್ಕೆ ಪೇಟೆಗೆ ಹೋಗುವ ಬಾಡಿಗೆ ಗಾಡಿಯಲ್ಲಿ ಯಾರಿಂದಲೋ ನನಗೆ ಹೇನು ಹತ್ತಿತು. ಪೆರ್ಲಿತಾ ಹಿಂದುಮುಂದು ನೋಡದೆ ನನ್ನ ತಲೆಯನ್ನು ನುಣ್ಣಗೆ ಬೋಳಿಸಿದಳು. ಮರುದಿನ ನನ್ನ ಚಪ್ಪಲಿಯನ್ನು ನಾಯಿ ಹೊತ್ತುಕೊಂಡು ಹೋಯಿತು. ಶಾಲೆಯ ಬೋರಿಂಗಿನ ಮುಂದೆ ಹೊತ್ತೇರಿದರೆ ಸರತಿ ಸಾಲು ಎಂದು, ಎಂದೂ ಏಳದವನು ಅಂದು ನಸುಕಿಗೇ ಎದ್ದು ನೀರಿಗೆ ಹೊರಟೆ. ಚಳಿಯೆಂದರೆ ಚಳಿ! ಅತ್ತೆ ಮದುವೆಯಲ್ಲಿ ಕೊಟ್ಟಿದ್ದ ಅರಿಸಿನ ಬಣ್ಣದ ಹೊದಿಕೆಯನ್ನು ಮೈಗೆ ಸುತ್ತಿಕೊಂಡೆ. ಅಲ್ಯೂಮಿನಿಯಂ ಪಾತ್ರೆಯೊಂದನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಬೀದಿಗಿಳಿದೆ.

ಬೀದಿಯ ಕೊನೆಮನೆಯ ಖಾಂಪೂನ್ ಅಜ್ಜಿ ಬೇಲಿಯ ಹತ್ತಿರ ಮೊಣಕಾಲೂರಿ ಕೂತಿದ್ದಳು. ಕೈಯಲ್ಲಿ ಬಿದಿರಿನ ಬುಟ್ಟಿ, ಮುಖದಲ್ಲಿ ಬಸ್ಸು ತಪ್ಪಿಸಿಕೊಂಡವರ ಪೆಚ್ಚು. ನನ್ನನ್ನು ಕಂಡದ್ದೇ ಆ ಮುಖ ಅರಳಿತು. ಬುಟ್ಟಿಯಿಂದ ಬಿಸಿ ಅಂಟನ್ನದ ಉಂಡೆ ತೆಗೆದು, ಹಣೆಗೆ ಮುಟ್ಟಿಸಿ, ಕಣ್ಣುಮುಚ್ಚಿ ಏನೋ ಪಿಸುಗುಟ್ಟಿ ನನ್ನ ಪಾತ್ರೆಗೆ ಹಾಕಿದಳು. ಅದರ ಮೇಲೊಂದು ಸುಟ್ಟ ಮೀನು. ಬಾಳೆಲೆಯಲ್ಲಿ ಸುತ್ತಿದ, ತೆಂಗಿನ ಹಾಲಿನ ಸಿಹಿಯೂ ಬಿತ್ತು. ನಾವು ಇಲೋಯಿಲೋದವರು. ನಮ್ಮ ಕಡೆ, ಕೊಟ್ಟ ಅನ್ನವನ್ನು ಬೇಡ ಎಂದವನನ್ನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ನಾನು ಹಲ್ಲುಕಿರಿದು ತೆಗೆದುಕೊಂಡೆ. ನೀರು ಮರೆತು ಮನೆಗೆ ಓಡಿದೆ.

ಮರುದಿನ ಪಕ್ಕದ ಮನೆಯವರೂ ಹಾಕಿದರು. ಆ ವಾರ ಕಳೆಯುವಷ್ಟರಲ್ಲಿ ಇಡೀ ಬೀದಿಯೇ ಬುಟ್ಟಿ ಹಿಡಿದು ಕೂತಿತ್ತು. ಜನರ ಮನಸ್ಸು ಕರಗುತ್ತಿದೆ, ಇನ್ನು ಗೋಪುರಕ್ಕೆ ಇಟ್ಟಿಗೆ ತರಿಸುವುದೊಂದೇ ಬಾಕಿ ಎಂದು ನಾನು ಪೆರ್ಲಿತಾಳಿಗೆ ಹೇಳಿದೆ. ಅವಳ ಬಾಯಿತುಂಬ ಸಿಹಿ ಇದ್ದದ್ದರಿಂದ ಎದುರುತ್ತರ ಬರಲಿಲ್ಲ. ಇಂದಿಗೂ ಎಲ್ಲಾದರೂ ಅಂಟಕ್ಕಿ ಬೇಯುವ ವಾಸನೆ ಬಂದರೆ ನನಗೆ ಆ ನಸುಕು ನೆನಪಾಗುತ್ತದೆ. ಮಂಜಿನ ಬೀದಿ, ಸಾಲಾಗಿ ಕೂತ ಹೆಂಗಸರು, ಬೂದುಬಣ್ಣದ ಬೆಳಕು. ಅಷ್ಟು ಸುಖವಾಗಿ ನಾನು ಮತ್ತೆಂದೂ ಮೋಸಹೋಗಿಲ್ಲ.

ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ತಿನ್ನಲು ಕೊಟ್ಟವರಿಗೆ ತಿರುಗಿ ಏನಾದರೂ ಕೊಡಲೇಬೇಕು. ಪೆರ್ಲಿತಾ ವಿನೆಗರಿನಲ್ಲಿ ಬೇಯಿಸಿದ ಕೋಳಿಯನ್ನು ನಾನು ಖಾಂಪೂನ್ ಅಜ್ಜಿಗೆ ಒಯ್ದುಕೊಟ್ಟೆ. ಅಜ್ಜಿ ಗಾಬರಿಯಿಂದ ಎರಡೂ ಕೈಯೊಡ್ಡಿ ತೆಗೆದುಕೊಂಡು ತಲೆಯ ಮೇಲೆತ್ತಿ, ಬುದ್ಧನ ಪಟದ ಪಕ್ಕದ ಹಲಗೆಯ ಮೇಲಿಟ್ಟಳು. ಬೆಕ್ಕಿಗೆ ಸಿಗದಿರಲಿ ಎಂದು ಇಟ್ಟಿದ್ದಾಳೆ, ಜಾಣೆ ಎಂದುಕೊಂಡೆ.

ಆಮೇಲೆ ಶುರುವಾಯಿತು ನೋಡಿ. ನೂಡಲ್ ಅಂಗಡಿಯ ಮಲಿವನ್ ಮಧ್ಯಾಹ್ನದ ಮೇಲೆ ನನಗೆ ಊಟ ಕೊಡುವುದನ್ನೇ ನಿಲ್ಲಿಸಿದಳು. ಅಂಗಡಿಯಲ್ಲಿ ಎಲ್ಲರೂ ಸೊರಸೊರ ಎಳೆದುಕೊಂಡು ತಿನ್ನುತ್ತಿದ್ದಾರೆ, ನನ್ನ ಮುಂದೆ ಮಾತ್ರ ಒಂದು ಸೋಡಾ. ಕೇಳಿದರೆ, "ಹನ್ನೆರಡು ದಾಟಿತಲ್ಲ, ಇನ್ನು ನಿಮಗೆ ಇದೇ" ಎಂದು ಪ್ರೀತಿಯಿಂದ ಹೇಳಿದಳು. ಬಾಡಿಗೆ ಗಾಡಿಯಲ್ಲಿ ನನಗೆ ಮುಂದಿನ ಸೀಟು ಬಿಟ್ಟುಕೊಟ್ಟರು. ಹೆಂಗಸರು ನನ್ನನ್ನು ಕಂಡರೆ ಮಾರು ದೂರ ಸರಿದರು. ದಿನವೂ ಮಿಂದು ಬರುವ ನಾನು ಅಂಗಿಯ ಕಂಕುಳು ಮೂಸಿಕೊಂಡೆ. ಆಮೇಲೆ, ಇದು ಗೌರವ, ದೊಡ್ಡಮನುಷ್ಯರಿಗೆ ಹೀಗೇ ಆಗುವುದು ಎಂದು ಸಮಾಧಾನ ತಂದುಕೊಂಡೆ.

ಒಂದು ದಿನ ಪೆರ್ಲಿತಾ ಬೋರಿಂಗಿನಿಂದ ಬಟ್ಟೆ ಒಗೆದುಕೊಂಡು ಬಂದಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ಹೆಂಗಸರೆಲ್ಲ ಸುತ್ತ ಕೂತು ಅವಳಿಗೆ ಬುದ್ಧಿ ಹೇಳಿದ್ದರಂತೆ. ಎಷ್ಟು ದಿನ ಅಂತ ಅವರನ್ನ ಹಿಡ್ಕೊಂಡಿರ್ತೀಯ ತಂಗಿ, ಬಿಟ್ಟುಬಿಡು, ನಿನಗೂ ಪುಣ್ಯ ಎಂದಳಂತೆ ಮಲಿವನ್. ತನ್ನ ತಮ್ಮನ ಅಕ್ಕಿ ಗಿರಣಿಯಲ್ಲಿ ಕೆಲಸ ಕೊಡಿಸುವುದಾಗಿಯೂ ಹೇಳಿದಳಂತೆ. ಖಾಂಪೂನ್ ಅಜ್ಜಿಯಂತೂ ಇವಳಿಗೆ ಮಲಗಲು ತನ್ನ ಮನೆಯಲ್ಲಿ ಚಾಪೆ ಹಾಸಿಯೇಬಿಟ್ಟಿದ್ದಳು.

"ಬೆಳಿಗ್ಗೆ ನಿಮಗೆ ಅನ್ನ ಯಾಕೆ ಹಾಕ್ತಾರೆ ಅಂತ ಗೊತ್ತಾಯ್ತಾ?" ಎಂದಳು ಪೆರ್ಲಿತಾ.

"ದೇವರ ವಾಕ್ಯ ಅವರ ಎದೆ ಮುಟ್ಟಿದೆ."

"ಮುಟ್ಟಿರೋದು ನಮ್ಮಮ್ಮ ಕೊಟ್ಟ ಹೊದಿಕೆ. ಸ್ವಲ್ಪ ಕನ್ನಡಿ ನೋಡ್ಕೊಳ್ಳಿ."

ನೋಡಿಕೊಂಡೆ. ಬೋಳುತಲೆ, ಬರಿಗಾಲು, ಅರಿಸಿನದ ಹೊದಿಕೆ, ಕೈಯಲ್ಲಿ ಪಾತ್ರೆ! ನನಗೇ ನನಗೆ ಕೈಮುಗಿಯಬೇಕು ಅನ್ನಿಸಿತು. ವಿಹಾರದ ಭಿಕ್ಷುಗಳು ನಸುಕಿನಲ್ಲಿ ಹೀಗೆಯೇ ಭಿಕ್ಷೆಗೆ ಬರುತ್ತಾರೆ, ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ, ಹೆಂಗಸರನ್ನು ಮುಟ್ಟುವುದಿಲ್ಲ. ಇದು ಆ ಊರಿನ ಕೂಸಿಗೂ ಗೊತ್ತು. ಸೂರ್ಯ ನೆತ್ತಿಗೇರುವವರೆಗೆ ಗೊರಕೆ ಹೊಡೆಯುತ್ತಿದ್ದ ನಾನು ಅವರನ್ನು ಬೀದಿಯಲ್ಲಿ ಕಂಡೇ ಇರಲಿಲ್ಲ. ಪರದೇಶದ ಭಿಕ್ಷುವೊಬ್ಬ ಹಾಗೂ ಹೀಗೂ ಸಂಸಾರ ಬಿಡಲು ಹೆಣಗುತ್ತಿದ್ದಾನೆ, ಹೆಂಡತಿ ಬಿಡುತ್ತಿಲ್ಲ ಎಂದು ಊರೆಲ್ಲ ಮರುಗುತ್ತಿತ್ತು.

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಪೆರ್ಲಿತಾ ಮೆಲ್ಲಗೆ ಹೇಳಿದಳು: "ಆ ಅಜ್ಜಿ ದಿನಾ ಪಿಸುಗುಟ್ಟೋದು ತೀರಿಹೋದ ಗಂಡನ ಹೆಸರಂತೆ. ನಿಮ್ಮ ಪಾತ್ರೆಗೆ ಹಾಕಿದ್ದು ಅವರಿಗೆ ತಲುಪುತ್ತೆ ಅಂತ."

ಸತ್ತವನ ಪಾಲಿನ ಮೀನನ್ನು ನಾನು ಬೆರಳು ಚೀಪಿಕೊಂಡು ತಿಂದಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೇಲಾಗಿ ಬರುವ ಭಾನುವಾರವೇ ತುಪಾಸರು ಬರುವವರಿದ್ದರು. ನಿಜ ಹೇಳಿದರೆ ಊರು ನನ್ನನ್ನು ಮೋಸಗಾರ ಅನ್ನುತ್ತದೆ, ಬೆಂಚಿನ ಮೇಲೆ ನೊಣವೂ ಕೂರುವುದಿಲ್ಲ, ನಾವು ವಾಪಸು. ಹೇಳದಿದ್ದರೆ ತಾವು ಕಳಿಸಿದ ಪಾದ್ರಿ ಬುದ್ಧಭಿಕ್ಷುವಾಗಿ ಬಡ್ತಿ ಪಡೆದದ್ದನ್ನು ತುಪಾಸರು ಕಣ್ಣಾರೆ ಕಾಣುತ್ತಾರೆ, ಆಗಲೂ ವಾಪಸು. ನನಗೆ ಆ ಊರು ಬಿಟ್ಟುಹೋಗಲು ಮನಸ್ಸಿರಲಿಲ್ಲ. ಯಾವಾಗಿನಿಂದ ಹಾಗಾಯಿತೋ ತಿಳಿಯದು, ಅಂದು ಮಾತ್ರ ಅದು ಚೆನ್ನಾಗಿ ತಿಳಿಯಿತು.

ಸೀದಾ ವಿಹಾರಕ್ಕೆ ಹೋದೆ. ಊರವರೆಲ್ಲ ದೊಡ್ಡ ಸ್ವಾಮಿಗಳು ಎಂದು ಕರೆಯುತ್ತಿದ್ದ ಹಿರಿಯ ಭಿಕ್ಷು ಅಂಗಳದಲ್ಲಿ ತರಗೆಲೆ ಗುಡಿಸುತ್ತಿದ್ದರು. ದಪ್ಪ ಮೈ, ಸಣ್ಣ ಕಣ್ಣು. ಹೇನಿನಿಂದ ಹಿಡಿದು ಚಾಪೆಯವರೆಗೆ, ತುಪಾಸರು ಬರುವುದನ್ನೂ ಸೇರಿಸಿ ಎಲ್ಲವನ್ನೂ ಹೇಳಿ, ಅವರ ಪಾಲಿನ ಭಿಕ್ಷೆ ತಿಂದದ್ದಕ್ಕೆ ಕ್ಷಮೆ ಕೇಳಿದೆ. ಅವರು ಪೊರಕೆ ಊರಿಕೊಂಡು ಕೇಳಿಸಿಕೊಂಡರು.

"ನೀನು ಭಿಕ್ಷು ಅಂತ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸ್ವಾಮಿ."

"ಖಾಂಪೂನ್ ಹಾಕಿದ್ದನ್ನ ಚೆಲ್ಲಿದ್ಯಾ?"

"ಇಲ್ಲ. ಇಬ್ಬರೂ ತಿಂದ್ವಿ."

"ಹೊಟ್ಟೆ ತುಂಬ್ತಾ?"

"ತುಂಬ್ತು."

"ಹಾಗಾದ್ರೆ ಅವಳ ಗಂಡನಿಗೆ ತಲುಪ್ತು, ಹೋಗು. ಊರಿಗೆ ನಾನು ಹೇಳ್ತೀನಿ. ನೀನು ಹೇಳೋಕೆ ಹೋದ್ರೆ ಇನ್ನೊಂದು ಅವಾಂತರ ಆಗುತ್ತೆ."

ಹೇಳಿದರೆಂದು ನನಗೆ ಗೊತ್ತಾದದ್ದು ಮಲಿವನ್ ಅಂಗಡಿಯಲ್ಲಿ. ಇಳಿಹೊತ್ತಿನಲ್ಲಿ ಅವಳು ಹಬೆಯಾಡುವ ನೂಡಲ್ ಬಟ್ಟಲು ತಂದು ನನ್ನ ಮುಂದೆ ಕುಕ್ಕಿದಳು. ಕಣ್ಣಲ್ಲಿ ನೀರು ಬಂತು. ಪದವಿ ಹೋದ ದುಃಖಕ್ಕೋ, ಮೆಣಸಿನಕಾಯಿಗೋ, ಈಗಲೂ ಹೇಳಲಾರೆ.

ಭಾನುವಾರ ತುಪಾಸರು ಧೂಳು ತುಂಬಿದ ಗಾಡಿಯಿಂದ ಇಳಿದರು. ಬೆಂಚುಗಳನ್ನು ನೋಡಿದರು. ಎಮ್ಮೆಯನ್ನು ನೋಡಿದರು. ಉಳಿದವರೆಲ್ಲಿ ಎಂದರು. ಬರುತ್ತಾರೆ ಎಂದೆ. ಹೊತ್ತು ಏರಿತು. ತುಪಾಸರು ಗಡಿಯಾರ ನೋಡಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, ಪರವಾಗಿಲ್ಲ ಮಗು ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪೆರ್ಲಿತಾ ಒಳಗೆ ಹೋಗಿ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು.

ಆಗ ಬೀದಿಯ ತುದಿಯಲ್ಲಿ ಖಾಂಪೂನ್ ಅಜ್ಜಿ ಕಾಣಿಸಿದಳು, ಕಂಕುಳಲ್ಲಿ ಬುಟ್ಟಿ. ಹಿಂದೆ ಮಲಿವನ್. ಅವಳ ಹಿಂದೆ ಬೀದಿಗೆ ಬೀದಿಯೇ! ಕೈಯಲ್ಲಿ ಅಂಟನ್ನ, ಸುಟ್ಟ ಕೋಳಿ, ಪಪ್ಪಾಯಿ ಪಚ್ಚಡಿ. ಬೆಂಚು ಸಾಲದೆ ಎಮ್ಮೆಯನ್ನು ಹೊರಗೆ ಕಟ್ಟಬೇಕಾಯಿತು. ನಾನು ಬೋಧಿಸಿದೆ. ಏನು ಬೋಧಿಸಿದೆನೋ ದೇವರಿಗೇ ಗೊತ್ತು. ಪ್ರತಿ ಪ್ರಾರ್ಥನೆಯ ಕೊನೆಗೆ ಎಲ್ಲರೂ ವಿಹಾರದಲ್ಲಿ ಹೇಳುವ ಹಾಗೆಯೇ ಕೈಮುಗಿದು ಒಕ್ಕೊರಲಿನಿಂದ "ಸಾಧು" ಎಂದರು. ಹಾಗೆಂದರೇನು ಎಂದು ತುಪಾಸರು ಪಿಸುಗುಟ್ಟಿದರು. ಇಲ್ಲಿಯವರ ಆಮೆನ್ ಎಂದೆ. ಅವರು ಅದೇ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಹೊಟ್ಟೆ ಬಿರಿಯುವಷ್ಟು ಉಂಡು, ಇನ್ನೂ ಕೆಲವು ವರ್ಷ ನೀನು ಇಲ್ಲೇ ಇರಬೇಕು ಎಂದು ಅಪ್ಪಣೆ ಕೊಟ್ಟು ಗಾಡಿ ಹತ್ತಿದರು.

ಅವರನ್ನು ಕಳಿಸಿ ವಿಹಾರಕ್ಕೆ ಓಡಿದೆ. ಒಳಗೊಳಗೇ ಜಂಬ ತಲೆಯೆತ್ತಿತ್ತು. ಊರಿಗೆ ಊರೇ ಬಂದಿತ್ತು, ನಿಜ ತಿಳಿದ ಮೇಲೂ ಬಂದಿತ್ತಲ್ಲ!

"ನಾನೇ ಹೇಳಿದ್ದು," ಎಂದರು ದೊಡ್ಡ ಸ್ವಾಮಿಗಳು. "ಪಾಪ, ಅವನು ಭಿಕ್ಷು ಅಲ್ಲ, ಹಸಿದ ಸಂಸಾರಸ್ಥ. ಅವನ ಗುರುಗಳು ಪರೀಕ್ಷೆ ಮಾಡೋಕೆ ಬರ್ತಿದಾರೆ. ಯಾರೂ ಕೂತಿಲ್ಲ ಅಂದ್ರೆ ಊರಿಗೆ ಓಡಿಸ್ತಾರೆ. ಒಂದು ಗಳಿಗೆ ಕೂತು ಬನ್ನಿ, ನಿಮಗೇನು ಹೋಗುತ್ತೆ ಅಂತ."

ಜಂಬ ತಣ್ಣಗಾಯಿತು. ಆದರೂ ಆಸೆ ಬಿಡಲಿಲ್ಲ. ನನ್ನ ಮಾತು ಅವರಿಗೆ ಹೇಗನ್ನಿಸಿತಂತೆ ಎಂದು ಕೇಳಿದೆ. ಖಾಂಪೂನಳಿಗೆ ಬಹಳ ದಿನದ ಮೇಲೆ ಒಳ್ಳೆ ನಿದ್ದೆ ಬಂತಂತೆ ಎಂದರು.

ನಾನು ಕೈಮುಗಿದು, ಇನ್ನು ಮೇಲೆ ಪಾತ್ರೆ ಹಿಡಿದು ಬೀದಿಗೆ ಕಾಲಿಡುವುದಿಲ್ಲ, ನಿಮ್ಮ ಭಿಕ್ಷೆ ಪೂರ್ತಿ ನಿಮಗೇ ಎಂದು ಮಾತು ಕೊಟ್ಟೆ. ಅವರ ಮುಖ ಇಳಿದುಹೋಯಿತು. ಪೊರಕೆ ಕೆಳಗಿಟ್ಟು ಹತ್ತಿರ ಬಂದರು.

"ಯಾರಯ್ಯ ನಿಲ್ಲಿಸು ಅಂದಿದ್ದು? ಹಾಕಿದ್ದನ್ನ ಬೇಡ ಅನ್ನೋ ಹಾಗಿಲ್ಲ ನಾನು. ನಿಮ್ಮ ಬೀದಿ ಹೆಂಗಸ್ರು ಒಬ್ಬರ ಮೇಲೊಬ್ಬರು ಜಿದ್ದಿಗೆ ಬಿದ್ದು ಆ ತೆಂಗಿನ ಹಾಲಿನ ಸಿಹಿ ತುಂಬಿ ತುಂಬಿ ನನಗೆ ಸಕ್ಕರೆ ಕಾಯಿಲೆ ಹಿಡಿಸಿದ್ರು. ನೀನು ತಿರುಗೋಕೆ ಶುರು ಮಾಡಿದ್ಮೇಲೆ ಸಿಹಿಯೆಲ್ಲ ನಿನ್ನ ಪಾತ್ರೆಗೆ ಬೀಳ್ತಿದೆ. ಮೊನ್ನೆ ಡಾಕ್ಟರು ಕಾಯಿಲೆ ಅರ್ಧ ಇಳಿದಿದೆ ಅಂದ್ರು. ಹೊದಿಕೆ ಬೇಡ, ಪಾತ್ರೆ ಮಾತ್ರ ಹಿಡ್ಕೊಂಡು ಬೀದಿಗೆ ಬಾ. ಹಸಿದವನಿಗೆ ಹಾಕಿದ್ರೂ ಪುಣ್ಯಾನೇ ಅಂತ ಅವರಿಗೆಲ್ಲ ಹೇಳಿಟ್ಟಿದೀನಿ."

ಮನೆಗೆ ಬಂದಾಗ ಪೆರ್ಲಿತಾ ಪೆಟ್ಟಿಗೆಯಿಂದ ಬಟ್ಟೆಗಳನ್ನು ಮತ್ತೆ ಹೊರತೆಗೆದು ಮಡಚಿಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, ಒಂದು ಅಂಗಿಯ ಸುಕ್ಕು ತೀಡಿ ಇಟ್ಟು ನಿಟ್ಟುಸಿರಿಟ್ಟಳು.

"ಅಂತೂ ಈ ಊರಲ್ಲಿ ನಿಮ್ಮಿಂದ ಒಬ್ಬರಾದ್ರೂ ಉದ್ಧಾರ ಆದ್ರಲ್ಲ, ಬಿಡಿ."